ಅರಸನ ದ್ವಾರದಲ್ಲಿ ಅರಸನ ಹೆಸರಿಲ್ಲ

ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳ ಪಾರಂಪರಿಕ ದ್ವಾರ ಯೋಜನೆಯ ವಿಶೇಷಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಹೆಸರಿನ ಅಡಿಯಲ್ಲಿ ಆಂಬುಲೆನ್ಸ್ ಹಿಡಿಯುತ್ತಿಲ್ಲ. ವಿಷಯ ಇಷ್ಟೇ. ಆಲೆಟ್ಟಿ ಕಡೆಯ ನಮ್ಮ ರಬ್ಬರ್ ಕಾಲೊನಿಗೆ ಇರುವುದು ಒಂದೇ ರಸ್ತೆ. ಆ ರಸ್ತೆಯ ಬಾಯಲ್ಲಿ ತಾವು ಒಂದು ದ್ವಾರ ಕಟ್ಟಿಸಿದಿರಿ. ದ್ವಾರ ಎತ್ತರವಾಗಿಯೇ ಇದೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಅದರ ಹೊಟ್ಟೆಯೊಳಗೆ, ಈ ಕಂಬದಿಂದ ಆ ಕಂಬಕ್ಕೆ, ಅಡ್ಡಲಾಗಿ ಒಂದು ಕಾಂಕ್ರೀಟ್ ಬೀಮ್ ಹಾಕಿಸಿ, ಅದಕ್ಕೆ ಕರಿ ಗ್ರಾನೈಟ್ ಹಚ್ಚಿಸಿ, ಚಿನ್ನದ ಬಣ್ಣದ ಅಕ್ಷರದಲ್ಲಿ ಗಣ್ಯರ ಹೆಸರಿನೊಟ್ಟಿಗೆ ನಿಮ್ಮ ಹೆಸರನ್ನೂ ಕೆತ್ತಿಸಿದಿರಿ. ಆ ಬೀಮಿನ ಅಡಿಯಲ್ಲಿ ಆಟೋ ಹೋಗುತ್ತದೆ, ಕಾರು ಹೋಗುತ್ತದೆ, ಆಂಬುಲೆನ್ಸ್ ಹೋಗುವುದಿಲ್ಲ. ಕಾಲೊನಿಯ ಲೆಚ್ಚುಮಿಯಕ್ಕನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಒಯ್ಯುವಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮನೆಯಿಂದ ನಿಮ್ಮ ಹೆಸರಿನ ತನಕ ಹೊತ್ತು ತರುತ್ತೇವೆ. ಸಂಜೆ ನಿಮ್ಮ ಹೆಸರಿನಿಂದ ಮನೆಯ ತನಕ ಹೊತ್ತು ಏರಿಸುತ್ತೇವೆ. ಇದನ್ನು ನಿಮ್ಮ ಕಚೇರಿಗೆ ಬಂದು ಮೆಲ್ಲಗೆ ಹೇಳಿದೆ. ಕೇಳಲಿಲ್ಲ. ಈಗ ಹತ್ತು ಜನರ ಎದುರು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಿಮ್ಮ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಭಯದಿಂದ ಅಲ್ಲ. ಬರೆದರೆ ಇಲ್ಲೂ ಒಂದು ಕಡೆ ಬಂತಲ್ಲ ಎಂದು ತಮಗೆ ಸಂತೋಷವಾದೀತು ಎಂಬ ಶಂಕೆಯಿಂದ.

ನಾನು ಹೇಮಶ್ರೀ. ಕಾಲೊನಿಯ ರಸ್ತೆ ಡಾಮರು ರಸ್ತೆಗೆ ಸೇರುವಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತೇನೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣುವುದು ನಿಮ್ಮ ಗ್ರಾನೈಟು. ಒಳಗೆ ಗೋಡೆಯಲ್ಲಿ ದೇವರ ಫೋಟೊ ಉಂಟು, ಅದಕ್ಕೆ ಕೈಮುಗಿಯುವ ಮೊದಲು ನಿಮ್ಮ ದರ್ಶನವಾಗುತ್ತದೆ. ಬಿಡುವಿನಲ್ಲಿ ನಮ್ಮ ಮಹಿಳಾ ಸಂಘದ ತಾಳಮದ್ದಳೆಗೆ ಅರ್ಥ ಹೇಳಲು ಹೋಗುವವಳು. ಕೂತಲ್ಲಿಂದಲೇ ವಾದ ಮಾಡುವ ಕಲೆ ಅದು. ಎದುರಿನವರು ಉತ್ತರ ಕೊಡದಿದ್ದರೆ ಮಾತು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಪತ್ರ ಉದ್ದವಾದರೆ ಕ್ಷಮಿಸಬೇಕು, ಅಥವಾ ಬೇಗ ಉತ್ತರ ಕೊಡಬೇಕು.

ದ್ವಾರ ಎಂಬುದು ನಮ್ಮ ಸೀಮೆಯ ದೌರ್ಬಲ್ಯ, ಒಪ್ಪುತ್ತೇನೆ. ಉಪ್ಪಿನಂಗಡಿಯಿಂದ ಹೊರಟು ಕುಂಬ್ರದ ಮೇಲಾಗಿ ಸುಳ್ಯಕ್ಕೆ ಬಂದರೆ ಪ್ರತಿ ಅಡ್ಡರಸ್ತೆಯ ಬಾಯಲ್ಲೂ ಒಂದು ದ್ವಾರ. ದೇವಸ್ಥಾನಕ್ಕೊಂದು, ದೈವಸ್ಥಾನಕ್ಕೊಂದು, ಮಸೀದಿಗೊಂದು, ಭಜನಾ ಮಂದಿರಕ್ಕೊಂದು, ಬೆಳ್ಳಿಹಬ್ಬ ಆಚರಿಸಿದ ಸಂಘಕ್ಕೊಂದು. ದಾರಿ ಕೇಳಿದವರಿಗೆ ನಾವು ಹೇಳುವುದೂ ಹಾಗೆಯೇ: ಆ ದ್ವಾರ ದಾಟಿ, ಇನ್ನೊಂದು ದ್ವಾರ ಸಿಗುತ್ತದೆ, ಅದರೊಳಗೆ ಹೋಗಬೇಡಿ. ದ್ವಾರವೆಂದ ಮೇಲೆ ಹೆಸರು ಇರಲೇಬೇಕು. ಕಟ್ಟಿಸಿದವರದ್ದು, ಅವರ ತೀರಿಹೋದ ತಂದೆಯದ್ದು, ಉದ್ಘಾಟಿಸಿದವರದ್ದು, ಗೌರವ ಉಪಸ್ಥಿತಿಯದ್ದು. ಹೆಸರಿಲ್ಲದ ದ್ವಾರ ನಮ್ಮ ಕಣ್ಣಿಗೆ ಅರ್ಧಂಬರ್ಧ ಕಾಮಗಾರಿ. ಈ ಚಟ ಊರಿನವರ ಸ್ವಂತ ಹಣದಲ್ಲಿ ನಡೆಯುವ ತನಕ ನಾನು ನಕ್ಕು ಸುಮ್ಮನಿದ್ದೆ. ಅದಕ್ಕೊಂದು ಯೋಜನೆ, ಯೋಜನೆಗೊಬ್ಬ ವಿಶೇಷಾಧಿಕಾರಿ, ಅಧಿಕಾರಿಗೊಂದು ಅಧ್ಯಯನ ಪ್ರವಾಸ ಎಂದಾದಾಗ ನಗು ನಿಂತಿತು.

ಕಾಲೊನಿಯವರು ಯಾರು ಎಂದು ತಮಗೆ ಗೊತ್ತಿದೆ, ಭಾಷಣದಲ್ಲಿ ಹೇಳಿದಿರಿ. ಓದುವವರಿಗಾಗಿ ನಾನು ಹೇಳುತ್ತೇನೆ. ಎರಡು ಸರಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಸಿಲೋನಿನ ಚಹಾ ತೋಟಗಳಿಂದ ಹಡಗು ಹತ್ತಿಸಿ ಕಳುಹಿಸಲ್ಪಟ್ಟ ತಮಿಳರು. ನಮ್ಮ ಕಾಡಿನಲ್ಲಿ ರಬ್ಬರ್ ಬೆಳೆಸಲು ಜನ ಬೇಕಿತ್ತು, ಇವರನ್ನು ತಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಇಳಿಸಿದರು. ಲೆಚ್ಚುಮಿಯಕ್ಕ ಆಗ ಲಂಗದ ಹುಡುಗಿ. ನಸುಕಿನಲ್ಲಿ ಎದ್ದು ಮರ ಕೆತ್ತಿ ಹಾಲು ಇಳಿಸುವ ಕೆಲಸದಲ್ಲೇ ಅವಳ ಪ್ರಾಯ ಸವೆದದ್ದು. ನನ್ನ ಹೋಟೆಲಿನಲ್ಲಿ ಭಾನುವಾರ ಸಿಗುವ ತೆಂಗಿನಕಾಯಿ ರೊಟ್ಟಿ, ಅದರೊಟ್ಟಿಗಿನ ಕೆಂಪು ಸಂಬಲ್ ಚಟ್ನಿ, ಎರಡೂ ಅವಳು ಕಲಿಸಿದ್ದು. ಅವಳ ಕೈಯ ಹದ ನನಗೆ ಇವತ್ತಿಗೂ ಬಂದಿಲ್ಲ. ಈಗ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿವೆ.

ಈ ಜನ ತಮ್ಮಲ್ಲಿ ಕೇಳಿದ್ದು ಚರಂಡಿ. ಮಳೆಗಾಲದಲ್ಲಿ ಗುಡ್ಡದ ನೀರು ಲೈನ್ ಮನೆಗಳ ಜಗಲಿಗೇ ಬರುತ್ತದೆ. ತಾವು ಕೊಟ್ಟದ್ದು ದ್ವಾರ. ತಮಿಳುನಾಡಿನಲ್ಲಿ ಒಂದು ಹಳೆಯ ಅರಸುಮನೆತನದ ಅರಮನೆ ಇತ್ತಂತೆ, ಅರಮನೆ ಹೋಗಿ ದ್ವಾರವೊಂದೇ ಉಳಿದಿದೆಯಂತೆ, ತಮ್ಮ ತಂಡ ಅಲ್ಲಿಗೆ ಹೋಗಿ ಅಧ್ಯಯನ ಮಾಡಿತಂತೆ, ಅದರ ಪ್ರತಿರೂಪವನ್ನು ‘ನಮ್ಮ ತಮಿಳು ಬಾಂಧವರ ಭವ್ಯ ಪರಂಪರೆಗೆ ಗೌರವವಾಗಿ’ ಇಲ್ಲಿ ಕಟ್ಟಿಸಲಾಯಿತಂತೆ. ಕಾಲೊನಿಯವರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಈ ಮಾತು ಹೇಳಿದಿರಿ. ಒಂದು ಪ್ರಶ್ನೆ ಕೇಳಲೇ? ಇವರ ಮುತ್ತಜ್ಜಂದಿರು ಹೊಟ್ಟೆಗಿಲ್ಲದೆ ಊರು ಬಿಟ್ಟು ಸಿಲೋನಿನ ದೋಣಿ ಹತ್ತಿದವರು. ಆ ಅರಮನೆಯ ಬಾಗಿಲು ಅವರಿಗೆ ಯಾವತ್ತಾದರೂ ತೆರೆದಿತ್ತೇ? ತೆರೆದಿದ್ದರೆ ಅವರು ದೋಣಿ ಯಾಕೆ ಹತ್ತುತ್ತಿದ್ದರು? ಲೆಚ್ಚುಮಿಯಕ್ಕ ಆ ದಿನ ನನ್ನ ಹೋಟೆಲಿನ ಬೆಂಚಿನಲ್ಲಿ ಕೂತು ಭಾಷಣ ಕೇಳಿದಳು. “ಹೇಮಾ, ಇವರು ಯಾರ ಮನೆ ಬಾಗಿಲು ತಂದು ನಮಗೆ ಇಟ್ಟದ್ದು?” ಎಂದು ಕೇಳಿದಳು. ರಾಜರದ್ದಂತೆ ಅಕ್ಕ ಎಂದೆ. “ರಾಜ ನಮಗೆ ಎಂತ ಆಗ್ಬೇಕು?” ಎಂದು ಚಹಾ ಕುಡಿದಳು.

ಆಗ ಬೀಮ್ ಇರಲಿಲ್ಲ. ಅದು ಬಂದದ್ದು ಉದ್ಘಾಟನೆಯ ನಂತರ. ಹೆಸರಿನ ಫಲಕ ಎಲ್ಲಿ ಹಾಕಿದ್ದೀರಿ ಎಂದು ಗಣ್ಯರೊಬ್ಬರು ವೇದಿಕೆಯಲ್ಲೇ ಕೇಳಿದರು. ಮೂಲ ದ್ವಾರದ ತುಂಬ ಬಳ್ಳಿ ಹೂವಿನ ಗಾರೆ ಕೆಲಸ, ಅದನ್ನೇ ನಕಲು ಮಾಡಿದ್ದರಿಂದ ಇಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ. ತಮ್ಮ ಮುಖ ಬಿಳುಚಿದ್ದನ್ನು ನಾನು ಚಹಾದ ತಟ್ಟೆ ಹಿಡಿದು ನಿಂತಲ್ಲಿಂದ ನೋಡಿದೆ. ತಿಂಗಳೊಳಗೆ ಸೆಂಟ್ರಿಂಗ್‌ನವರು ಬಂದು ದ್ವಾರದ ಒಳಗೆ ಅಡ್ಡ ಬೀಮ್ ಹಾಕಿದರು. ಕೆಳಗಿಂದ ಓದಲು ಸುಲಭವಾಗಲಿ ಎಂದು ತಗ್ಗಿಸಿಯೇ ಹಾಕಿದರು. ಶಾಲಾ ಬಸ್ಸು ಅಂದಿನಿಂದ ಹೊರಗೇ ನಿಂತಿತು, ಮಕ್ಕಳು ನಡೆದರು. ಮಕ್ಕಳಿಗೆ ಕಾಲು ಗಟ್ಟಿ ಉಂಟು ಎಂದು ನಾವೂ ಸುಮ್ಮನಾದೆವು. ಆಮೇಲೆ ಲೆಚ್ಚುಮಿಯಕ್ಕ ಮಲಗಿದಳು.

ಆಟೋದಲ್ಲಿ ಕರೆತರಬಹುದಲ್ಲ ಎಂದು ನಿಮ್ಮ ಕಚೇರಿಯಲ್ಲಿ ಬುದ್ಧಿ ಹೇಳಿದರು. ತಂದಿದ್ದೇವೆ ಸ್ವಾಮಿ. ಡಯಾಲಿಸಿಸ್ ಮುಗಿಸಿ ಬರುವಾಗ ಅವಳ ರಕ್ತದೊತ್ತಡ ಇಳಿಯುತ್ತದೆ, ಮಲಗಿಸಿಯೇ ತರಬೇಕು. ಆಟೋದಲ್ಲಿ ಅವಳು ಮಗಳ ಮೈಮೇಲೆ ಪ್ರಜ್ಞೆ ತಪ್ಪಿ ಬಿದ್ದಳು. ಅಂದಿನಿಂದ ಆಂಬುಲೆನ್ಸ್ ಓಡಿಸುವ ನೌಷಾದ್ ಆಟೋದ ಮಾತೆತ್ತಿದರೆ ಸಿಟ್ಟಾಗುತ್ತಾನೆ. ಅವನ ಗಾಡಿ ಬೀಮಿನ ಈಚೆ ನಿಲ್ಲುತ್ತದೆ. ಅವನು, ನಾನು, ಲೆಚ್ಚುಮಿಯಕ್ಕನ ಮಗಳು ಪುಷ್ಪಲೀಲಾ, ಅವಳ ತಮ್ಮ, ನಾಲ್ವರು ಸೇರಿ ಕುರ್ಚಿ ಎತ್ತುತ್ತೇವೆ. ಹೋಟೆಲಿನಲ್ಲಿ ಗಿರಾಕಿಗಳು ದೋಸೆಗೆ ಕಾಯುತ್ತಾರೆ.

ನಿಮ್ಮ ಕಚೇರಿಗೆ ನಾನು ಬಂದಾಗ ತಾವು ಒಳಗಿದ್ದಿರಿ, ಚಪ್ಪಲಿ ಕಾಣುತ್ತಿತ್ತು. ಸಹಾಯಕರು ಹೊರಗೇ ಮಾತಾಡಿ ಮುಗಿಸಿದರು. “ಅಕ್ಕ, ಅದು ಪಾರಂಪರಿಕ ವಿನ್ಯಾಸ. ಮೂಲದಲ್ಲಿ ಹೇಗುಂಟೋ ಹಾಗೇ ಇಡ್ಬೇಕು. ನಾವು ಮುಟ್ಲಿಕ್ಕಿಲ್ಲ. ಬೇಕಾದ್ರೆ ನೀವೇ ಹೋಗಿ ನೋಡಿ.” ವ್ಯಂಗ್ಯಕ್ಕೆ ಹೇಳಿದ್ದಿರಬೇಕು. ಹೋಟೆಲಿನ ಹೆಂಗಸು ಅಷ್ಟು ದೂರ ಹೋಗುವುದುಂಟೇ ಎಂದು. ಅವರ ದುರದೃಷ್ಟಕ್ಕೆ ಪುಷ್ಪಲೀಲಾಳ ದೂರದ ಸಂಬಂಧದ ಒಂದು ಮದುವೆ ಆ ಕಡೆಯೇ ಇತ್ತು. ಅಮ್ಮನನ್ನು ತಮ್ಮನಿಗೆ ಒಪ್ಪಿಸಿ ಅವಳು ಹೊರಟಳು, ಹೋಟೆಲಿಗೆ ಬೀಗ ಹಾಕಿ ನಾನೂ ಹೊರಟೆ. “ಸರಿಯಾಗಿ ನೋಡಿ ಬಾ ಹೇಮಾ, ನಂಗೆ ಬಂದು ಹೇಳ್ಬೇಕು” ಎಂದು ಲೆಚ್ಚುಮಿಯಕ್ಕ ಮಲಗಿದಲ್ಲಿಂದಲೇ ಹೇಳಿದಳು.

ಆ ಊರಿನ ಹೆಸರು ಬರೆಯುವುದಿಲ್ಲ. ಓದಿ ನಮ್ಮವರು ಇನ್ನಷ್ಟು ಜನ ಹೋದಾರು. ಊರ ಹೊರಗೆ, ಹುಣಸೆಮರಗಳ ಆಚೆ, ಆ ದ್ವಾರ ಒಂಟಿಯಾಗಿ ನಿಂತಿದೆ. ಹಿಂದೆ ಅರಮನೆ ಇಲ್ಲ, ಕೋಟೆ ಇಲ್ಲ, ಬಯಲು ಮಾತ್ರ. ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಬಳ್ಳಿಯ ಕೆಲಸ. ಅಲ್ಲಲ್ಲಿ ಉದುರಿದ್ದನ್ನು ಹಾಗೆಯೇ ಬಿಟ್ಟಿದ್ದಾರೆ, ಬಣ್ಣ ಬಳಿದಿಲ್ಲ. ಅದರ ಎತ್ತರಕ್ಕೆ ತಲೆಯೆತ್ತಿ ನೋಡುತ್ತ ನನಗೆ ಬಂದ ಕೆಲಸ ಮರೆತೇಹೋಯಿತು. ಚೆಂದ ಉಂಟು ಮಾನ್ಯರೇ, ನಿಜವಾಗಿ ಚೆಂದ ಉಂಟು. ಅರಸರ ಮೇಲೆ ನನಗೆ ದೊಡ್ಡ ಪ್ರೀತಿಯೇನಿಲ್ಲ, ಆದರೂ ಕಣ್ಣು ತುಂಬಿತು. ಆನೆ ಹೋಗಬೇಕು, ಆನೆಯ ಮೇಲೆ ಅಂಬಾರಿ ಹೋಗಬೇಕು, ಅಂಬಾರಿಯ ಮೇಲೆ ಹಿಡಿದ ಕೊಡೆ ಬಾಗದೆ ಹೋಗಬೇಕು, ಆ ಲೆಕ್ಕದಲ್ಲಿ ಕಟ್ಟಿದ್ದು ಎಂದು ಅಲ್ಲಿಯ ಕಾವಲುಗಾರರು ಹೇಳಿದರು. ಹಿರಿಯ ಮನುಷ್ಯ, ಅವರ ತಮಿಳನ್ನು ಪುಷ್ಪಲೀಲಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಡ್ಡ ಬೀಮ್ ಎಲ್ಲಿದೆ ಎಂದು ನಾನು ಅವಳಿಂದ ಕೇಳಿಸಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಾಗಿಲಿಗೆ ಯಾಕಮ್ಮ ಅಡ್ಡ ಎಂದರು.

ಇನ್ನೊಂದು ಸಂಗತಿಯನ್ನೂ ತಮ್ಮ ಅಧ್ಯಯನ ಗಮನಿಸಲಿಲ್ಲ. ಆ ದ್ವಾರದ ಅಡಿಯಲ್ಲಿ ರಸ್ತೆಯೇ ಇಲ್ಲ. ಊರಿನ ರಸ್ತೆ ಹತ್ತಿರದ ತನಕ ಬಂದು, ಪಕ್ಕಕ್ಕೆ ತಿರುಗಿ, ಅದನ್ನು ಬಳಸಿಕೊಂಡು ಹೋಗುತ್ತದೆ. ಅಗಲ ಮಾಡುವಾಗ ರಸ್ತೆಯನ್ನೇ ಬಗ್ಗಿಸಿದರಂತೆ. ಅದನ್ನು ಸಂರಕ್ಷಣೆ ಎನ್ನುತ್ತಾರೆ. ಹಳೆಯದೂ ಉಳಿಯಿತು, ಜನವೂ ಹೋಗುತ್ತಾರೆ. ತಾವು ಇಲ್ಲಿ ಹಳೆಯದನ್ನು ಉಳಿಸಲಿಲ್ಲ, ಹೊಸದೊಂದನ್ನು ತಂದು ಇದ್ದ ದಾರಿಗೆ ಅಡ್ಡ ಇಟ್ಟಿರಿ.

ಕಟ್ಟಿಸಿದ ಅರಸನ ಹೆಸರು ಎಲ್ಲಿದೆ ಎಂದು ಹುಡುಕಿದೆ. ನಮ್ಮ ಊರಿನ ಕಣ್ಣಲ್ಲವೇ, ದ್ವಾರ ಕಂಡರೆ ಹೆಸರು ಹುಡುಕುತ್ತದೆ. ಇಲ್ಲ. ಎದುರಿನಲ್ಲಿಲ್ಲ, ಹಿಂದೆ ಇಲ್ಲ, ಗೋಡೆಯ ಬದಿಯಲ್ಲೂ ಇಲ್ಲ. ಇಷ್ಟು ದೊಡ್ಡ ಕೆಲಸ ಮಾಡಿಸಿದವನಿಗೆ ಹೆಸರು ಹಾಕಬೇಕೆಂದು ಹೊಳೆಯಲೇ ಇಲ್ಲವೋ, ಅಥವಾ ಹಾಕದಿದ್ದರೂ ಜನಕ್ಕೆ ಗೊತ್ತಿರುತ್ತದೆ ಎಂಬ ಧೈರ್ಯವೋ ತಿಳಿಯದು. ಹೀಗೆ ಹುಡುಕುತ್ತ ಒಳಮೈಗೆ ಬಂದಾಗ ಪುಷ್ಪಲೀಲಾ ನನ್ನ ಕೈ ಹಿಡಿದಳು. “ಹೇಮಕ್ಕ, ಇಲ್ಲಿ ಕನ್ನಡ ಉಂಟು” ಎಂದಳು.

ಉಂಟು. ಅಳಿಸಿದರೆ ಹೋಗದ ಕಪ್ಪು ಶಾಯಿಯಲ್ಲಿ, ದುಂಡಗೆ, ನಮ್ಮ ಕನ್ನಡದಲ್ಲಿ. ‘ಪಾರಂಪರಿಕ ದ್ವಾರ ಯೋಜನೆ, ಅಧ್ಯಯನ ತಂಡ.’ ಕೆಳಗೆ ಮೂರು ತಾಲೂಕುಗಳ ಹೆಸರು. ಅದರ ಕೆಳಗೆ ತಮ್ಮ ಹೆಸರು, ಪದನಾಮದ ಸಮೇತ. ಶಾಯಿ ಸಾಲದೆಂದು ಯಾರೋ ಮೊಳೆಯಲ್ಲಿ ಗೀರಿ ಗಾರೆಯನ್ನೂ ಕಿತ್ತಿದ್ದಾರೆ. ಪಕ್ಕದಲ್ಲೇ ಬೋರ್ಡು, ಏನನ್ನೂ ಬರೆಯಬಾರದು ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ. ಕನ್ನಡದಲ್ಲಿ ಇಲ್ಲದ್ದರಿಂದ ತಮಗೆ ಅನ್ವಯಿಸುವುದಿಲ್ಲ ಎಂದುಕೊಂಡಿರಾ? ನನಗೆ ಹೇಸಿಗೆಯಾಯಿತು. ತುಂಬಿದ ಊಟದ ಎಲೆಗೆ ಯಾರೋ ಉಗುಳಿದ್ದನ್ನು ಕಂಡ ಹಾಗೆ.

ಕಾವಲುಗಾರರು ಹತ್ತಿರ ಬಂದರು. ಬ್ರಷ್ಷಿನಲ್ಲಿ ಉಜ್ಜಿದೆ, ಹೋಗಲಿಲ್ಲ, ಇನ್ನೂ ಉಜ್ಜಿದರೆ ಗಾರೆ ಬರುತ್ತದೆ ಎಂದರು. ಇಷ್ಟು ಚೆಂದದಲ್ಲಿ ಬರೆದಿದ್ದಾರೆ, ದೇವರ ಸ್ತೋತ್ರವೋ ಎಂದು ಕೇಳಿದರು. ನೀವು ಆ ಕಡೆಯವರಲ್ಲವೇ, ಓದಿ ಹೇಳಿ ಎಂದರು. ನಾನು ತಾಳಮದ್ದಳೆಯಲ್ಲಿ ಎಂತೆಂಥವರ ಎದುರು ಮಾತಾಡಿದವಳು, ಅಲ್ಲಿ ಪುಷ್ಪಲೀಲಾಳ ಹಿಂದೆ ಸರಿದೆ. ಪುಷ್ಪಲೀಲಾ ಹೇಳಿದಳು, ನಮ್ಮ ಕಡೆಯ ಆಫೀಸರರ ಹೆಸರು ಎಂದು. ಆ ಹಿರಿಯರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಅವರು ನಿಜವಾಗಿ ಅರ್ಥವಾಗದೆ ಕೇಳಿದರು: “ಯಾಕೆ, ಇದನ್ನು ಕಟ್ಟಿದ್ದು ಅವರಾ?”

ಉತ್ತರ ತಾವೇ ಕೊಡಿ. ನಮ್ಮ ಅಕ್ಷರದ ಮೇಲೆ ನನಗೆ ಇಷ್ಟು ವರ್ಷ ಇದ್ದ ಹೆಮ್ಮೆ ಆ ಗೋಡೆಯ ಎದುರು ಕುಗ್ಗಿಹೋಯಿತು. ದ್ವಾರದಲ್ಲಿ ಹೆಸರಿಲ್ಲವಲ್ಲ, ಜಾಗ ಖಾಲಿ ಉಂಟಲ್ಲ, ತುಂಬಿಸೋಣ ಎಂದು ತಮಗೆ ಅನ್ನಿಸಿದ್ದು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ, ನಮ್ಮ ಸೀಮೆಯವಳಾದ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಹೆಚ್ಚು ಅಸಹ್ಯವಾಗುವುದು.

ಊರಿಗೆ ಬಂದು ಫೋನಿನಲ್ಲಿ ತೆಗೆದ ಫೋಟೊಗಳನ್ನು ಲೆಚ್ಚುಮಿಯಕ್ಕನಿಗೆ ತೋರಿಸಿದೆ. ಬಳ್ಳಿ ಹೂವು ತೋರಿಸಿದೆ, ಬಯಲು ತೋರಿಸಿದೆ. ನಿಮ್ಮ ಕೈಬರಹವನ್ನು ತೋರಿಸಲಿಲ್ಲ. ಅವಳು ಕೇಳಿದ್ದು ಒಂದೇ. “ಇದ್ರ ಅಡಿಯಲ್ಲಿ ನೌಷಾದಿನ ವಂಡಿ ಹೋಗ್ತದಾ ಹೇಮಾ?” ಹೋಗ್ತದೆ ಅಕ್ಕ, ಮೇಲೆ ಇನ್ನೊಂದು ವಂಡಿ ಇಟ್ಟರೂ ಹೋಗ್ತದೆ ಎಂದೆ. “ಹಾಗಾದ್ರೆ ಅದನ್ನೇ ಇಲ್ಲಿ ಇಡ್ಬಹುದಿತ್ತು” ಎಂದಳು.

ಅದೇ ಫೋಟೊಗಳನ್ನು ಹಿಡಿದು ನಿಮ್ಮ ಕಚೇರಿಗೆ ಪುನಃ ಬಂದೆ. ಮೂಲದಲ್ಲಿ ಬೀಮ್ ಇಲ್ಲ, ನೋಡಿ ಎಂದೆ. ಸಹಾಯಕರು ಈ ಸಲ ಪರಂಪರೆಯ ಮಾತೆತ್ತಲಿಲ್ಲ. ಅತ್ತಿತ್ತ ನೋಡಿ, ಸ್ವರ ತಗ್ಗಿಸಿ ಹೇಳಿದರು: “ಅಕ್ಕ, ನಿಮ್ಮತ್ರ ಎಂತ ಮುಚ್ಚುದು. ಬೀಮ್ ತೆಗಿಯುದು ಅರ್ಧ ದಿನದ ಕೆಲಸ. ಆದ್ರೆ ಅದ್ರಲ್ಲಿ ಎಲ್ಲಾ ದೊಡ್ಡವರ ಹೆಸರು ಉಂಟಲ್ಲ ಮಾರಾಯ್ರೆ. ಹೆಸರು ತೆಗೆದದ್ದು ಯಾರು ಅಂತ ಕೇಳಿದ್ರೆ ನಾವು ಎಂತ ಹೇಳುದು?” ಸತ್ಯ ಹೇಳಿದ್ದಕ್ಕೆ ಅವರ ಮೇಲೆ ಸಿಟ್ಟಾಗಬೇಡಿ, ನಿಮ್ಮ ಕಚೇರಿಯಲ್ಲಿ ನಾನು ಕೇಳಿದ ಏಕೈಕ ಸತ್ಯ ಅದು. ಒಂದು ಹೆಂಗಸಿನ ಜೀವ ಒಂದು ಕಡೆ, ಗ್ರಾನೈಟಿನ ಮರ್ಯಾದೆ ಇನ್ನೊಂದು ಕಡೆ. ತಾವು ಗ್ರಾನೈಟನ್ನು ಆರಿಸಿಕೊಂಡಿರಿ. ಥೂ ಎನ್ನಬಾರದು, ಹೋಟೆಲು ನಡೆಸುವವಳ ಬಾಯಲ್ಲಿ ಬರಬಾರದ ಶಬ್ದ. ಆದರೂ ಬಂತು.

ಮಳೆ ಹಿಡಿದಿದೆ. ಗುಡ್ಡದ ನೀರು ಕಾಲೊನಿಯ ರಸ್ತೆಯಲ್ಲೇ ಹರಿಯುತ್ತದೆ, ಚರಂಡಿಯ ಹಣದಲ್ಲಿ ದ್ವಾರ ಬಂದಿತಲ್ಲ. ಹೋದ ಗುರುವಾರ ಸಂಜೆ ಲೆಚ್ಚುಮಿಯಕ್ಕನನ್ನು ಆಂಬುಲೆನ್ಸಿನಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿ ಎತ್ತುವಷ್ಟರಲ್ಲಿ ಜೋರು ಸುರಿಯಿತು. ನೌಷಾದಿನ ಕಾಲು ಕೆಸರಿನಲ್ಲಿ ಜಾರಿತು. ಕುರ್ಚಿ ವಾಲಿತು. ಪುಷ್ಪಲೀಲಾ ಮೊಣಕಾಲೂರಿ ಅಮ್ಮನನ್ನು ತಬ್ಬಿ ತಡೆಯದಿದ್ದರೆ, ಸೂಜಿ ಚುಚ್ಚಿ ಚುಚ್ಚಿ ಊದಿದ ಆ ಕೈಯ ಮೇಲೆಯೇ ಅವಳು ಬೀಳುತ್ತಿದ್ದಳು. ಕುರ್ಚಿಯನ್ನು ಬೀಮಿನ ಅಡಿಯಲ್ಲಿ ಇಳಿಸಿ ಸ್ವಲ್ಪ ಹೊತ್ತು ನಿಂತೆವು. ಲೆಚ್ಚುಮಿಯಕ್ಕ ತಲೆಯೆತ್ತಿ ಗ್ರಾನೈಟನ್ನು ನೋಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

“ಎಂತ ಬರ್ದಿದೆ ಹೇಮಾ?”

“ಹೆಸರು ಅಕ್ಕ.”

“ಓದು.”

ಓದಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು, ಗುತ್ತಿಗೆದಾರರು, ಕೊನೆಗೆ ತಾವು. ಮಳೆಯ ಸದ್ದಿಗೆ ಗಟ್ಟಿಯಾಗಿ ಓದಬೇಕಾಯಿತು. ಅವಳು ಒಂದೊಂದಕ್ಕೂ ತಲೆಯಾಡಿಸಿ ಕೇಳಿದಳು. ವ್ಯಂಗ್ಯ ಅವಳಿಗೆ ಗೊತ್ತಿಲ್ಲ, ನನ್ನಂಥವಳಲ್ಲ ಅವಳು. ಮುಗಿದ ಮೇಲೆ ಕೇಳಿದಳು:

“ಇಷ್ಟು ಜನ ಇದ್ದಾರಲ್ಲ. ಒಬ್ರೂ ಹೊರ್ಲಿಕ್ಕೆ ಬರುದಿಲ್ವಾ?”

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ದ್ವಾರ ಇರಲಿ, ಬೀಮ್ ತೆಗೆಸಿ. ಗ್ರಾನೈಟಿಗೆ ಪೆಟ್ಟಾಗದ ಹಾಗೆ ಬಿಡಿಸಿ, ತೊಳೆದು ಒರೆಸಿ ನಾವೇ ತಮ್ಮ ಮನೆಗೆ ತಂದು ಒಪ್ಪಿಸುತ್ತೇವೆ, ಹಾಸಿಗೆಯ ಎದುರು ಹಚ್ಚಿಸಿಕೊಳ್ಳಿ. ತಮಿಳುನಾಡಿನ ಆ ಗೋಡೆಯ ಮೇಲಿರುವುದನ್ನು ಬಲ್ಲವರಿಂದ ತೆಗೆಸಿ, ಖರ್ಚು ತಮ್ಮ ಸಂಬಳದ್ದಾಗಲಿ, ಆ ಕಾವಲುಗಾರರ ಕೈಹಿಡಿದು ಕ್ಷಮೆ ಕೇಳಿ.

ಇದಾವುದೂ ಆಗುವುದಿಲ್ಲ, ಹೆಸರು ಇಳಿಸಲು ಸಾಧ್ಯವೇ ಇಲ್ಲ ಎಂದಾದರೆ ಸೋಮವಾರ ಮತ್ತು ಗುರುವಾರ ಬನ್ನಿ. ಬೆಳಗ್ಗೆ ಬೇಗ ಬರಬೇಕು, ಸಂಜೆಯೂ ಇರಬೇಕು. ಬೂಟು ಬೇಡ, ಕೆಸರಿನಲ್ಲಿ ಜಾರುತ್ತದೆ. ಗ್ರಾನೈಟಿನಲ್ಲಿರುವ ಉಳಿದವರನ್ನೂ ಕರೆತನ್ನಿ, ಸರದಿ ಮಾಡಿಕೊಳ್ಳಬಹುದು. ಲೆಚ್ಚುಮಿಯಕ್ಕ ಈಗ ತುಂಬ ಹಗುರವಾಗಿದ್ದಾಳೆ.

ಇಂತಿ,
ಕುರ್ಚಿಯ ಹಿಂದಿನ ಎಡಗಾಲನ್ನು ಹಿಡಿಯುವ,
ಹೇಮಶ್ರೀ